ತನಿಖೆ ಕಾಯುವ ಮನೆಯವರಿಗೂ ಮಾಹಿತಿ ಸಿಗಲಿ

ಮಾನ್ಯ ಸಂಪಾದಕರೇ,

ಮನೆಯ ಒಬ್ಬರ ಮೇಲೆ ಪ್ರಕರಣ ದಾಖಲಾದರೆ ತನಿಖೆ ಮುಗಿಯುವವರೆಗೂ ಮನೆಮಂದಿಯೆಲ್ಲ ಠಾಣೆಗೆ ಅಲೆಯಬೇಕಾಗುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ, ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕೆಂದು ವಿಧಿಸಿರುವುದು ಸ್ವಾಗತಾರ್ಹ. ಆದರೆ ಆರೋಪಿಯ ಹೆತ್ತವರಿಗೆ, ಹೆಂಡತಿ ಮಕ್ಕಳಿಗೆ ಅಂಥ ಅನುಕೂಲವಿಲ್ಲ. ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸುವುದು ಕಡ್ಡಾಯವಾದರೂ, ಆಮೇಲೆ ಅವರಿಗೆ ಸಿಗುವ ಉತ್ತರ ‘ಸಾಹೇಬರು ಬಂದೋಬಸ್ತ್‌ಗೆ ಹೋಗಿದ್ದಾರೆ, ನಾಳೆ ಬನ್ನಿ’ ಎಂಬುದಷ್ಟೇ.

ಬಂಧನದಲ್ಲಿರುವವರಿಗೆ, ಅಪರಾಧದ ಸ್ವರೂಪಕ್ಕೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ, ಸಾಮಾನ್ಯವಾಗಿ ಜಾಮೀನು ಕೇಳುವ ಹಕ್ಕಿದೆ. ಬರೀ ನೋಟಿಸ್ ಪಡೆದು ವಿಚಾರಣೆಗೆ ಹೋಗಿಬರುವವರಿಗೆ ಆ ಗಡುವಿನ ಆಸರೆಯೂ ಇಲ್ಲ. ನಮ್ಮ ಪರಿಚಯದ ಮನೆಯೊಂದರಲ್ಲಿ ಮಗನ ಮೊಬೈಲ್ ಜಪ್ತಿಯಾಗಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿದೆ. ತಾಯಿಯ ಪಿಂಚಣಿ ಖಾತೆಯ ಓಟಿಪಿ, ಗ್ಯಾಸ್ ಬುಕಿಂಗ್ ಎಲ್ಲವೂ ಅದೇ ನಂಬರಿಗೆ ಬರುತ್ತಿದ್ದವು. ವಸ್ತು ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದೆಂದು ಆ ಹಿರಿಯರಿಗೆ ಹೇಳಿದವರೇ ಇರಲಿಲ್ಲ.

ತನಿಖೆಯ ಗುಟ್ಟು ಬಿಟ್ಟುಕೊಡಿ ಎಂದು ಯಾರೂ ಕೇಳುತ್ತಿಲ್ಲ. ಬಂಧಿತರ ಮಾಹಿತಿಗಾಗಿ ಪ್ರತಿ ಠಾಣೆಯಲ್ಲೂ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಬೇಕೆಂದು ಇದೇ ಸಂಹಿತೆ ಹೇಳುತ್ತದೆ. ಅವರೇ ವಾರಕ್ಕೊಂದು ನಿಗದಿತ ದಿನ ಕುಟುಂಬದವರನ್ನು ಕೂರಿಸಿ, ಪ್ರಕರಣ ಯಾವ ಹಂತದಲ್ಲಿದೆ, ಯಾವ ವರದಿ ಬಾಕಿಯಿದೆ ಎಂದಷ್ಟು ಹೇಳಲಿ. ಬಂಧನದಲ್ಲಿರುವವರಿಗೂ ಮಹಿಳೆಯರಿಗೂ ಉಚಿತ ಕಾನೂನು ನೆರವು ಸಿಗುತ್ತದೆಂಬ ಫಲಕವನ್ನು, 15100 ಸಹಾಯವಾಣಿ ಸಂಖ್ಯೆಯೊಂದಿಗೆ, ಜನ ಕಾದು ಕೂರುವ ಬೆಂಚಿನ ಎದುರಿಗೇ ಹಾಕಿಸಬೇಕೆಂದು ಗೃಹ ಇಲಾಖೆಯನ್ನು ಕೋರುತ್ತೇನೆ.

– ಓದುಗ, ತುಮಕೂರು