ಮನೆ ಎಣಿಸುವ ತೆರಿಗೆಗೆ ಮನೆಯಲ್ಲಿ ಬಾಳುವವರು ಕಾಣುವುದಿಲ್ಲ

ಮಾನ್ಯ ಸಂಪಾದಕರೇ,

ಬ್ರಿಟನ್ನಿನಲ್ಲಿ ಎರಡನೇ ಮನೆ ಕೊಳ್ಳುವವರ ಮೇಲೆ ಹೇರುವ ಹೆಚ್ಚುವರಿ ಸ್ಟಾಂಪ್ ಡ್ಯೂಟಿಯನ್ನು ಉಳ್ಳವರಿಗೆ ತಕ್ಕ ಶಾಸ್ತಿ ಎನ್ನುವವರಿದ್ದಾರೆ, ಹೂಡಿಕೆದಾರರ ಮೇಲಿನ ಸುಲಿಗೆ ಎನ್ನುವವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿರುವ ನನ್ನ ತಕರಾರೇ ಬೇರೆ. ಈ ತೆರಿಗೆ ಯಾರ ಹೆಸರಿನಲ್ಲಿ ಎಷ್ಟು ಮನೆಗಳಿವೆ ಎಂದು ಎಣಿಸುತ್ತದೆಯೇ ಹೊರತು, ಕೊಂಡ ಮನೆಯಲ್ಲಿ ಯಾರು ಬಾಳುತ್ತಾರೆ ಎಂದು ಕೇಳುವುದಿಲ್ಲ.

2015ರ ನವೆಂಬರ್‌ನಲ್ಲಿ ಅಂದಿನ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಘೋಷಿಸಿದ ಈ ತೆರಿಗೆ 2016ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಗ ದರ ಶೇ 3. ಹಣಕಾಸು ಸಚಿವೆಯಾಗಿ ರೇಚೆಲ್ ರೀವ್ಸ್ ಮಂಡಿಸಿದ ಬಜೆಟ್ಟಿನ ಮರುದಿನದಿಂದಲೇ, ಅಂದರೆ 2024ರ ಅಕ್ಟೋಬರ್ 31ರಿಂದ, ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಅದು ಶೇ 5ಕ್ಕೆ ಏರಿತು. ಸ್ಕಾಟ್ಲೆಂಡಿನಲ್ಲಂತೂ ಶೇ 8. ಸಾಮಾನ್ಯ ಸ್ಟಾಂಪ್ ಡ್ಯೂಟಿಯಂತೆ ಹಂತ ಹಂತವಾಗಿ ಅಲ್ಲ, ಮನೆಯ ಪೂರ್ತಿ ಬೆಲೆಯ ಮೇಲೆ ಇದು ಬೀಳುತ್ತದೆ. 3 ಲಕ್ಷ ಪೌಂಡಿನ ಮನೆಗೆ ಇಂಗ್ಲೆಂಡಿನಲ್ಲಿ ಈಗ ಮೊದಲ ಬಾರಿ ಕೊಳ್ಳುವವರು ಏನೂ ಕಟ್ಟಬೇಕಿಲ್ಲ. ಹಳೆಯದನ್ನು ಮಾರಿ ಕೊಳ್ಳುವವರಿಗೆ 5,000 ಪೌಂಡ್. ಎರಡನೆಯದು ಎಂದು ಲೆಕ್ಕಕ್ಕೆ ಬಂದರೆ 20,000.

ಈ 20,000 ಕಟ್ಟುವವರು ಯಾರು ನೋಡಿ. ಕಾರ್ನ್‌ವಾಲ್ ಕಡಲತಡಿಯಲ್ಲಿ ಬೇಸಿಗೆಯ ಮೂರು ವಾರಕ್ಕೆಂದು ಮನೆ ಕೊಂಡು ಉಳಿದ ದಿನ ಬೀಗ ಹಾಕುವವನು ಒಬ್ಬ. ಕೊಂಡ ಮನೆಯನ್ನು ಒಂದು ಸಂಸಾರಕ್ಕೆ ವರ್ಷಗಟ್ಟಲೆ ಬಾಡಿಗೆಗೆ ಕೊಡುವವನು ಇನ್ನೊಬ್ಬ. ಮೂರನೆಯವರು ಹೊರದೇಶದಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥವರು. ಮೊದಲೇ ಇರುವ ಮನೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ, ನಮ್ಮ ಪಾಲಿನ ಬೆಲೆ 40,000 ಪೌಂಡ್ ಮುಟ್ಟಿದರೆ ಸಾಕು, ಲೆಕ್ಕಕ್ಕೆ ಬಂತು. ಗಂಡ ಹೆಂಡತಿ ಇಬ್ಬರೂ ಸೇರಿ ಒಂದೇ ಲೆಕ್ಕ. ಊರಿನಲ್ಲಿ ಅಪ್ಪ ಬಿಟ್ಟುಹೋದ ಮನೆ ಹೆಂಡತಿಯ ಹೆಸರಿನಲ್ಲಿದ್ದರೆ, ಗಂಡ ಇಲ್ಲಿ ಕೊಳ್ಳುವ ಮೊಟ್ಟಮೊದಲ ಮನೆಯೂ ಎರಡನೆಯದೇ! ಪಿತ್ರಾರ್ಜಿತದಲ್ಲಿ ಅರ್ಧ ಅಥವಾ ಅದಕ್ಕಿಂತ ಕಡಿಮೆ ಪಾಲು ಬಂದವರಿಗೆ ಮೂರು ವರ್ಷದ ರಿಯಾಯಿತಿ ಇದೆ ನಿಜ, ಆಮೇಲೆ ಅದೂ ಇಲ್ಲ. ಲಂಡನ್ನಿನಲ್ಲಿ ದುಡ್ಡು ಹೂಡುವ ವಿದೇಶಿ ಸಿರಿವಂತರನ್ನು ತಡೆಯಲು ಇಂಥ ನಿಯಮ ಬೇಕು ಎಂಬ ವಾದವನ್ನು ಒಪ್ಪಬಹುದಿತ್ತು. ಆದರೆ ಬ್ರಿಟನ್ನಿನಲ್ಲಿ ವಾಸವಿಲ್ಲದ ಖರೀದಿದಾರರಿಗೆಂದೇ 2021ರ ಏಪ್ರಿಲ್‌ನಿಂದ ಶೇ 2ರ ಪ್ರತ್ಯೇಕ ತೆರಿಗೆ ಇದೆಯಲ್ಲ?

ಬಾಡಿಗೆಗೆ ಕೊಡಲು ಕೊಳ್ಳುವವನು ಹಿಂದೆ ಸರಿದರೆ ಆ ಮನೆ ಮೊದಲ ಬಾರಿ ಕೊಳ್ಳುವವರಿಗೆ ಸಿಗುತ್ತದೆ ಎನ್ನುತ್ತಾರೆ. ಕೆಲವೊಮ್ಮೆ ಸಿಗುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಓದಲು ಬಂದವರು, ಕೆಲಸಕ್ಕಾಗಿ ಊರೂರು ಸುತ್ತುವವರು, ಮುಂಗಡಕ್ಕೆ ಹಣ ಕೂಡದವರು ನಾಳೆಯೇ ಮನೆ ಕೊಳ್ಳಲಾರರು. ಮನೆಮಾಲೀಕರ ಸಾಲದ ಬಡ್ಡಿಗಿದ್ದ ತೆರಿಗೆ ರಿಯಾಯಿತಿಯನ್ನೂ 2017ರಿಂದ 2020ರ ಹೊತ್ತಿಗೆ ಮೊಟಕುಗೊಳಿಸಲಾಯಿತು. ಒಂದರ ಮೇಲೊಂದು ಬಿದ್ದ ಈ ಹೊರೆಗೆ ಬಾಡಿಗೆಗೆ ಸಿಗುವ ಮನೆಗಳು ಕಡಿಮೆಯಾದರೆ ಪೈಪೋಟಿ ನಮ್ಮ ನಮ್ಮಲ್ಲೇ.

ಇನ್ನು ಬೀಗ ಹಾಕಿದ ಮನೆಗಳನ್ನು ಈ ತೆರಿಗೆ ಸರಿಯಾಗಿ ಮುಟ್ಟುವುದೂ ಇಲ್ಲ. 2016ಕ್ಕಿಂತ ಮುಂಚೆ ಕೊಂಡವರು ಅದಕ್ಕಾಗಿ ಒಂದು ಪೌಂಡೂ ಹೆಚ್ಚು ಕೊಟ್ಟಿಲ್ಲ. ಅದೇ ವರ್ಷ ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಊರಿನ ಜನ ಹೊಸ ಮನೆಗಳು ಖಾಯಂ ವಾಸಿಗಳಿಗೇ ಇರಲಿ ಎಂದು ಭಾರಿ ಬಹುಮತದಿಂದ ಮತ ಹಾಕಿದ್ದು ಸುಮ್ಮನೆ ಅಲ್ಲ. ವೇಲ್ಸ್ ಸರ್ಕಾರ 2023ರಿಂದ ಎರಡನೇ ಮನೆಗಳ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ವಾರ್ಷಿಕ ಮನೆ ತೆರಿಗೆ) ಮೇಲೆ ಶೇ 300ರವರೆಗೆ ಹೆಚ್ಚುವರಿ ಹೇರಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ಕೊಟ್ಟಿತು. ಇಂಗ್ಲೆಂಡಿನಲ್ಲಿ 2025ರಿಂದ ಶೇ 100ರವರೆಗೆ ಅವಕಾಶವಿದೆ. ಇದು ವರ್ಷವರ್ಷವೂ ಕಟ್ಟಬೇಕಾದದ್ದು. ಖಾಲಿ ಇಟ್ಟವನ ಕೈ ಕಚ್ಚುವುದು ಇದೇ.

ಆದ್ದರಿಂದ ರಜಾ ಮನೆಗಳನ್ನು ವಾರ್ಷಿಕ ತೆರಿಗೆಗೆ ಬಿಡಲಿ. ಐದು ವರ್ಷ ಸತತವಾಗಿ ಒಬ್ಬರ ವಾಸಕ್ಕೆ ಬಾಡಿಗೆಗೆ ಕೊಟ್ಟವರಿಗೆ ಖರೀದಿಯಲ್ಲಿ ಕಟ್ಟಿದ ಹೆಚ್ಚುವರಿ ಹಣವನ್ನು ಹಿಂದಿರುಗಿಸಲಿ. ಬ್ರಿಟನ್ನಿನೊಳಗೆ ಬೇರೆ ಮನೆಯಿಲ್ಲದೆ, ತಾನೇ ವಾಸಿಸಲು ಕೊಳ್ಳುವವರನ್ನು ಇದರಿಂದ ಹೊರಗಿಡಲಿ. ಹಳೆಯ ವಾಸದ ಮನೆಯನ್ನು ಮೂರು ವರ್ಷದೊಳಗೆ ಮಾರಿದವರಿಗೆ ಈ ಹಣ ಮರಳಿಸುವ ಏರ್ಪಾಡು ಈಗಲೂ ಇದೆ. ಅದೇ ಅರ್ಜಿಗೆ ಇನ್ನೆರಡು ಪ್ರಶ್ನೆ ಸೇರಿಸುವುದಕ್ಕೆ ಹೊಸ ಇಲಾಖೆಯೇನೂ ಬೇಕಾಗಿಲ್ಲ.

ಇಂತಿ,
ಓರ್ವ ಓದುಗ, ಇಂಗ್ಲೆಂಡ್