ಹಳದಿ ತೋಟಾ

ಪುಟ್ಟಿ,

ನಾಳೆ ಬೆಳಗಿನ ಜಾವ ನೀನು ಬಂದೂಕಿನ ಸ್ಪರ್ಧೆಗೆ ಹೊರಡುವಾಗ ನಾನು ಎದ್ದೇ ಇರುತ್ತೇನೆ. ಆದರೆ ಮೊನ್ನೆಯಿಂದ ‘ಬೇಕು’, ‘ಬೇಡ’ ಎಂಬೆರಡು ಮಾತಿಗಿಂತ ಹೆಚ್ಚು ನೀನು ನನ್ನೊಡನೆ ಆಡಿಲ್ಲ. ಬಾಗಿಲಲ್ಲಿ ನಿಂತು ಹೇಳಹೊರಟರೆ ನನಗೆ ಗಂಟಲು ಕಟ್ಟುತ್ತದೆ, ನಿನಗೆ ತಡವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬಟ್ಟೆಯ ಚೀಲದ ಮೇಲಿನ ಜೇಬಿನಲ್ಲಿ ಇಟ್ಟಿರುತ್ತೇನೆ. ತೋಟಾ ಚೀಲವನ್ನು ಇನ್ನು ನಾನು ಮುಟ್ಟುವುದಿಲ್ಲ.

ಮೊನ್ನೆ ಶೂಟಿಂಗ್ ರೇಂಜಿನಲ್ಲಿ ನಾನು ಮಾಡಿದ್ದು ತಪ್ಪು. ನಿನ್ನ ತಂಡದವರೆಲ್ಲರ ಎದುರು, ನಿನ್ನನ್ನು ಒಂದು ಮಾತೂ ಕೇಳದೆ, ಆ ಚೀಲವನ್ನು ಬೆಂಚಿನ ಮೇಲೆ ಬೋರಲು ಹಾಕಿದೆ. 60 ತೋಟಾಗಳು ಉರುಳಿ ಸಿಮೆಂಟು ನೆಲದ ಮೇಲೆಲ್ಲ ಚೆಲ್ಲಿಹೋದವು. ಕೆಂಪು ತೋಟಾಗಳ ನಡುವೆ ನನ್ನ ಕಣ್ಣಿಗೆ ಬಿದ್ದ ಹಳದಿ ಏನೆಂದು ನೋಡಿದರೆ, ಕಿವಿಗೆ ಹಾಕಿಕೊಳ್ಳುವ ಸ್ಪಂಜಿನ ಬಿರಡೆ. ಯಾರೋ ನಕ್ಕರು. ನೀನು ನಗಲಿಲ್ಲ. ಮಂಡಿಯೂರಿ ಒಂದೊಂದನ್ನೇ ಹೆಕ್ಕಿದೆ, ಪ್ರತಿಯೊಂದರ ಹಿತ್ತಾಳೆಯ ಅಂಚಿಗೆ ಹತ್ತಿದ ಮರಳನ್ನು ಅಂಗಿಗೆ ಒರೆಸಿದೆ, ಸಹಾಯಕ್ಕೆಂದು ಬಗ್ಗಿದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದೆ. “ನಾನು ಹನ್ನೆರಡು ವರ್ಷದ ಮಗುವಲ್ಲ ಅಮ್ಮ” ಎಂದೆ. ನೀನು ಹೇಳಿದ್ದು ಸರಿ. ಕ್ಷಮಿಸು.

ಹಾಗೇಕೆ ಮಾಡಿದೆ ಎಂದು ಹೇಳದೆ ಬರೀ ಕ್ಷಮೆ ಕೇಳಿದರೆ ನನ್ನ ಮನಸ್ಸು ಒಪ್ಪುವುದಿಲ್ಲ. ನಿನಗೆ ಹನ್ನೆರಡು ತುಂಬಿದ ವರ್ಷದ ಮಾತು. ನೀನು ಮೊದಲ ಸಲ ಮಣ್ಣಿನ ತಟ್ಟೆಯನ್ನು ಗಾಳಿಯಲ್ಲಿ ಒಡೆದ ದಿನ ನಮ್ಮಿಬ್ಬರಿಗೂ ಚೆನ್ನಾಗಿ ನೆನಪಿದೆ, ಅದು ಬೇಡ. ಅದಾದ ಮರುವಾರದ್ದು ಇದು. ನಿನ್ನದು 20 ಬೋರಿನ ಚಿಕ್ಕ ಬಂದೂಕು (ಅಂಕಿ ದೊಡ್ಡದಾದರೂ ನಳಿಗೆ ಕಿರಿದು), ನನ್ನದು 12 ಬೋರಿನ ಜೋಡುನಳಿಗೆ. ನಿನ್ನ ಜಾಕೆಟ್ಟಿನ ಜೇಬು ಚಿಕ್ಕದೆಂದು ನಿನ್ನ ಹಳದಿ ತೋಟಾಗಳನ್ನು ನನ್ನ ಜೇಬಿಗೆ ಸುರಿದುಕೊಂಡು ಒಂದೊಂದಾಗಿ ಕೈಗಿಡುತ್ತಿದ್ದೆ. ನಿನ್ನ ಸರದಿ ಮುಗಿದ ಮೇಲೆ ಉಳಿದದ್ದನ್ನೆಲ್ಲ ತೆಗೆದು ನಿನಗೆ ಕೊಟ್ಟೆ. ಎಲ್ಲವನ್ನೂ ಕೊಟ್ಟೆನೆಂದೇ ತಿಳಿದಿದ್ದೆ. ಆಮೇಲೆ ಅದೇ ಜೇಬಿಗೆ ನನ್ನ ಕೆಂಪು ತೋಟಾಗಳನ್ನು ತುಂಬಿಕೊಂಡು ನಿಂತೆ.

ಆಗ ನನಗೆ ವೇಗದ ಹುಚ್ಚು. ಕಣ್ಣು ತಟ್ಟೆ ಬರುವ ದಿಕ್ಕಿನಲ್ಲಿರಬೇಕು, ಜೇಬಿಗೆ ಹೋದ ಕೈ ಎರಡು ತೋಟಾಗಳೊಂದಿಗೆ ಬರಬೇಕು, ನೋಡದೆಯೇ ಎರಡನ್ನೂ ನಳಿಗೆಗಳಿಗೆ ಇಳಿಸಬೇಕು. ಹಾಗೆಯೇ ಇಳಿಸಿದೆ, ಮುಚ್ಚಿದೆ, ಕುದುರೆ (ಟ್ರಿಗರ್) ಎಳೆದೆ. ‘ಟಕ್’ ಎಂದಿತು, ಅಷ್ಟೇ. ನಳಿಗೆಯನ್ನು ಮೈದಾನದತ್ತಲೇ ಹಿಡಿದು ಅರ್ಧ ನಿಮಿಷ ಕಾದೆ. ತೆರೆದು ನೋಡಿದರೆ ಒಂದು ನಳಿಗೆಯಲ್ಲಿ ತೋಟಾದ ಹಿತ್ತಾಳೆ ಹೊಳೆಯುತ್ತಿತ್ತು, ಇನ್ನೊಂದು ಖಾಲಿ. ಅವಸರದಲ್ಲಿ ಒಂದನ್ನೇ ಹಾಕಿದ್ದೇನೆ ಎಂದುಕೊಂಡೆ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಜೇಬಿನಿಂದ ಇನ್ನೊಂದು ಕೆಂಪು ತೋಟಾ ತೆಗೆದು ಆ ಖಾಲಿ ಬಾಯಿಗೆ ಇಟ್ಟೆ. ಅರ್ಧ ಒಳಗೆ ಹೋಗಿತ್ತು. ನನ್ನ ಹೆಬ್ಬೆರಳು ಅದರ ಬುಡದ ಮೇಲಿತ್ತು.

ಹಿಂದಿನ ಬೆಂಚಿನಲ್ಲಿ ನೀನು ನಿನ್ನ ತೋಟಾಗಳನ್ನು ಐದೈದರ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ. “ಅಮ್ಮ, ಒಂದು ಕಡಿಮೆ ಇದೆ” ಎಂದೆ.

ನಿನಗೆ ನೆನಪಿರಲಾರದು. ನೀನು ಮತ್ತೊಮ್ಮೆ ಎಣಿಸತೊಡಗಿದೆ. ನಾನು ಆ ಕೆಂಪು ತೋಟಾವನ್ನು ಹೊರಗೆಳೆದೆ, ಇನ್ನೊಂದು ನಳಿಗೆಯದನ್ನೂ ತೆಗೆದೆ. ಶುಚಿಗೊಳಿಸುವ ಕೋಲನ್ನು ನಳಿಗೆಯ ಮುಂತುದಿಯಿಂದ ಮೆಲ್ಲಗೆ ಇಳಿಸಿದೆ. ಅದು ಎಲ್ಲೋ ತಡೆಯಿತು. ಸ್ವಲ್ಪ ಒತ್ತಿದೆ. ನಿನ್ನ ಹಳದಿ ತೋಟಾ ಹಿಂದಿನಿಂದ ಜಾರಿ ನನ್ನ ಅಂಗೈಗೆ ಬಿತ್ತು.

12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 20 ಬೋರಿನದು 15.6. ಚಿಕ್ಕ ತೋಟಾ ದೊಡ್ಡ ಬಂದೂಕಿನ ಚೇಂಬರಿನಲ್ಲಿ, ಅಂದರೆ ತೋಟಾ ಕೂರುವ ಗೂಡಿನಲ್ಲಿ, ನಿಲ್ಲದೆ ಮುಂದಕ್ಕೆ ಜಾರುತ್ತದೆ, ನಳಿಗೆ ಕಿರಿದಾಗುವಲ್ಲಿ ಅಂಚು ಸಿಕ್ಕಿ ಕೂರುತ್ತದೆ. ಹಿಂದೆ ಇನ್ನೊಂದು 12 ಬೋರ್ ತೋಟಾ ಆರಾಮವಾಗಿ ಹಿಡಿಯುವಷ್ಟು ಜಾಗ ಉಳಿಯುತ್ತದೆ. ಅದನ್ನು ಹಾರಿಸಿದರೆ ನಳಿಗೆ ಸಿಡಿಯುತ್ತದೆ, ಎಡಗೈ ಹಿಡಿಯುವ ಜಾಗದ ಹತ್ತಿರವೇ. 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದೇ ಇದರಿಂದ. ಇದೆಲ್ಲ ನನಗೆ ಅಂದೂ ಗೊತ್ತಿತ್ತು. ಗೊತ್ತಿದ್ದವಳ ಹೆಬ್ಬೆರಳೇ ಆ ಬುಡದ ಮೇಲಿತ್ತು. ನನ್ನ ಕೈ ಹೋಗುತ್ತಿತ್ತು, ಸರಿ. ಆದರೆ ನೀನು ನನ್ನಿಂದ ಎರಡು ಮಾರು ದೂರದಲ್ಲಿ ತಲೆ ತಗ್ಗಿಸಿ ಎಣಿಸುತ್ತಾ ಕುಳಿತಿದ್ದೆ. ಇವತ್ತಿಗೂ ಕನಸಿನಲ್ಲಿ ಆ ಕೆಂಪು ತೋಟಾ ಪೂರ್ತಿ ಒಳಗೆ ಹೋಗುತ್ತದೆ. ನೀನು ಎಣಿಸುತ್ತಲೇ ಇರುತ್ತೀಯ, ಬಾಯಿ ತೆರೆಯುವುದಿಲ್ಲ.

ಅಂದು ನಿನಗೆ “ಬಂದೂಕು ಯಾಕೋ ಸರಿಯಿಲ್ಲ, ಹೋಗೋಣ” ಎಂದೆ. ಬಂದೂಕು ಸರಿಯಾಗಿಯೇ ಇತ್ತು. ಯಾರಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಚೀನಾದ ಜಾಂಗ್ ಶಾನ್ ಗಂಡಸರ ಜೊತೆಯಲ್ಲೇ ನಿಂತು, ಹಾರುವ ಮಣ್ಣಿನ ತಟ್ಟೆಗಳನ್ನು ಒಡೆಯುವ ಸ್ಕೀಟ್ ಸ್ಪರ್ಧೆಯ ಚಿನ್ನ ಗೆದ್ದಾಗ ನಾನು ಬಂದೂಕು ಹಿಡಿಯಬೇಕೆಂದು ಹಟ ತೊಟ್ಟವಳು. ಮುಂದಿನ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಸ್ಕೀಟಿನಲ್ಲಿ ಜಾಗವೇ ಇರಲಿಲ್ಲ, ಅವರ ಸ್ಪರ್ಧೆಯೆಂದು ಬೇರೆಯಾಗಿ ಬಂದದ್ದು 2000ದಲ್ಲಿ. ನಾನು ಕಲಿತ ರೇಂಜಿನಲ್ಲಿಯೂ ನಾನು ಎಡವುವುದನ್ನೇ ಕಾಯುತ್ತಿದ್ದ ಕಣ್ಣುಗಳು ಕಡಿಮೆಯಿರಲಿಲ್ಲ. ‘ಹೆಂಗಸಿನ ಕೈಗೆ ಕೊಟ್ಟರೆ ಹೀಗೇ’ ಎಂಬ ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡೆ. ನಿನಗಾದರೂ ಹೇಳಬೇಕಿತ್ತು. ಹೇಳಿದ್ದರೆ ಮೊನ್ನೆ ಚೀಲ ಸುರಿಯುವ ಬದಲು “ಆ ಹಳದಿ ಏನು?” ಎಂದು ಕೇಳಿದರೆ ಸಾಕಾಗುತ್ತಿತ್ತು, ನಿನಗೂ ಅರ್ಥವಾಗುತ್ತಿತ್ತು.

ಈಗ ನಿನ್ನ ಬಂದೂಕಿನ ಮಾತು. ನನ್ನದು ಮಡಚುವ ಬಂದೂಕು, ತೆರೆದು ನೋಡಲೇಬೇಕಿತ್ತು. ನಿನ್ನದು ಹಾಗಲ್ಲ. ಬಂದೂಕು ಪೂರ್ತಿ ಖಾಲಿಯಾದಾಗ ನೀನು ಪಕ್ಕದ ಕಿಂಡಿಯಿಂದ ಒಂದು ತೋಟಾ ಒಳಗೆಸೆದು ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ಮುಚ್ಚುತ್ತೀಯ, ಉಳಿದವನ್ನು ಕೆಳಗಿನ ಕೊಳವೆಗೆ ಒತ್ತುತ್ತೀಯ. ಹಾಗೆ ಎಸೆದದ್ದು ತಪ್ಪು ತೋಟಾ ಆಗಿದ್ದರೆ? ‘ಟಕ್’ ಎನ್ನುತ್ತದೆ, ನೀನು ಅಭ್ಯಾಸಬಲದಿಂದ ಬೋಲ್ಟ್ ಎಳೆಯುತ್ತೀಯ, ಮುಂದಿನದನ್ನು ಬಂದೂಕು ತಾನೇ ತಂದು ಹಿಂದೆ ಕೂರಿಸುತ್ತದೆ. “ಒಂದು ಕಡಿಮೆ ಇದೆ” ಎಂದು ಹೇಳಲು ಅಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಇದೊಂದನ್ನು ನನಗಾಗಿ ಮಾಡು: ಟಕ್ ಎಂದು, ಬೋಲ್ಟ್ ಎಳೆದಾಗ ಏನೂ ಹೊರಗೆ ಬೀಳದಿದ್ದರೆ, ನಿಲ್ಲಿಸು. ಗಡಿಯಾರ ಓಡುತ್ತಿರಲಿ, ಸುತ್ತು ಕೈತಪ್ಪಲಿ. ನಳಿಗೆಯನ್ನು ಮುಂದಕ್ಕೇ ಹಿಡಿದು ರೇಂಜ್ ಅಧಿಕಾರಿಯನ್ನು ಕರೆ. ಸದ್ದು ಎಂದಿನಂತಿರದೆ ‘ಪುಸ್’ ಎಂದರೂ ಅಷ್ಟೇ, ತೋಟಾದೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಅಡ್ಡೆ (ವ್ಯಾಡ್) ನಳಿಗೆಯಲ್ಲೇ ಉಳಿದಿರಬಹುದು.

ನಿನ್ನ ತಂಡದ ಪುಟ್ಟ ಹುಡುಗಿಗೆ 20 ಬೋರಿನಲ್ಲಿ ಕಲಿಸುತ್ತಿದ್ದೀಯೆಂದು ಗೊತ್ತು. ಬಹಳ ಒಳ್ಳೆಯ ಕೆಲಸ. ಆದರೆ ಅವಳ ತೋಟಾ ಅವಳ ಜೇಬಿನಲ್ಲಿಯೇ ಇರಲಿ, ಒಂದು ನಿಮಿಷಕ್ಕೂ ನಿನ್ನದಕ್ಕೆ ಬರುವುದು ಬೇಡ. ತೋಟಾ ಚೀಲದಲ್ಲಿ ತೋಟಾ ಮಾತ್ರ ಇರಬೇಕು. ಕಿವಿಯ ಬಿರಡೆಯೂ ಬೇಡ, ಬೀಗದಕೈಯೂ ಬೇಡ. ಒಂಟಿ ಗುಂಡಿನ ಸ್ಲಗ್ ತೋಟಾಗಳು ಸೊಂಟದ ಬೇರೆ ಕಡೆಯಲ್ಲಿರಲಿ, ಕತ್ತಲಲ್ಲೂ ಕೈ ತಪ್ಪದಷ್ಟು ಬೇರೆಯಾಗಿ. ಹತ್ತಿರದ ಉಕ್ಕಿನ ಫಲಕಕ್ಕೆ ಚರೆಯ ಬದಲು ಸ್ಲಗ್ ಹೋದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಸೊಂಟಪಟ್ಟಿಯಲ್ಲಿ ತೋಟಾ ಹಿಡಿಯುವ ಕ್ಲಿಪ್ಪುಗಳನ್ನು ಹೊರಡುವ ಮುನ್ನ ತುಂಬಿಕೊಂಡು ಒಂದು ಸಲ ಓಡಿ, ಒಂದು ಸಲ ಮಂಡಿಯೂರಿ ನೋಡು. ನಿಂತಲ್ಲಿ ಬೀಳದ್ದು ಬಗ್ಗಿದಾಗ ಬೀಳುತ್ತದೆ. 24 ಬೇಕಾದಲ್ಲಿ 24ನ್ನೇ ಹೊತ್ತು ಹೋಗಬೇಡ. ನೆಲಕ್ಕೆ ಬಿದ್ದದ್ದನ್ನು ಹೆಕ್ಕಲು ಬಗ್ಗಿದರೆ ನಳಿಗೆಯ ದಿಕ್ಕು ತಪ್ಪುತ್ತದೆ, ಬಿಟ್ಟುಬಿಡು. ಪೆಟ್ಟಿಗೆಯ ಮೇಲೆ 76 ಮಿಲಿಮೀಟರ್ ಎಂದಿದ್ದರೆ ನಿನ್ನ 70ರ ಚೇಂಬರಿಗೆ ಬೇಡವೇ ಬೇಡ. ಅದು ಒಳಗೆ ಹೋಗುತ್ತದೆ ಎಂಬುದೇ ಮೋಸ. ಆ ಅಳತೆ ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು, ಬಿಚ್ಚಿಕೊಳ್ಳಲು ಅಲ್ಲಿ ಜಾಗವಿರುವುದಿಲ್ಲ, ಒತ್ತಡ ಏರುತ್ತದೆ. ತುಂಬುವಾಗ ಬೆರಳು ಕುದುರೆಯ ಹೊರಗೆ...

ನೋಡು, ಪಾಠ ಮಾಡುವುದಿಲ್ಲವೆಂದುಕೊಂಡೇ ಕುಳಿತಿದ್ದೆ. ಇದರಲ್ಲಿ ಮುಕ್ಕಾಲು ಪಾಲು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಕಳೆದ ತಿಂಗಳು ನೀನು ಅಭ್ಯಾಸ ಮಾಡುವಾಗ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದೇನೆ, ನಿನಗೆ ಹೇಳಿರಲಿಲ್ಲ. ಬೆಂಕಿಯಿಲ್ಲದ ಡಮ್ಮಿ ತೋಟಾಗಳು, ಎದುರಿಗೆ ಗೋಡೆ. ಎಡಗೈ ಸೊಂಟಕ್ಕೆ ಹೋಗಿ ನಾಲ್ಕನ್ನು ಒಟ್ಟಿಗೆ ಕಿತ್ತು ತರುತ್ತಿತ್ತು, ಹೆಬ್ಬೆರಳು ಒಮ್ಮೆ ಒತ್ತಿದರೆ ಎರಡು, ಇನ್ನೊಮ್ಮೆ ಒತ್ತಿದರೆ ಇನ್ನೆರಡು. ಮೊದಲ ವಾರ ಎಂಟು ತುಂಬುವುದಕ್ಕೆ ನಿನಗೆ 18 ಸೆಕೆಂಡು ಹಿಡಿಯುತ್ತಿತ್ತು, ಹೆಬ್ಬೆರಳಿನ ಉಗುರಿನ ಪಕ್ಕ ಚರ್ಮ ಸುಲಿದುಹೋಗಿತ್ತು. ಅಂದು 5 ಸೆಕೆಂಡಿನ ಒಳಗೇ ಮುಗಿಸಿದೆ. ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಅದಕ್ಕೆ ಮೊದಲಿನದು: ಪಟ್ಟಿಗೆ ಏರಿಸುವ ಮುನ್ನ ಪ್ರತಿಯೊಂದು ತೋಟಾವನ್ನೂ ಬೆಳಕಿಗೆ ಹಿಡಿದು, ಬುಡ ತಿರುಗಿಸಿ, ಅಂಚಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದೆ. ಅದನ್ನು ನಾನು ನಿನಗೆ ಕಲಿಸಿಲ್ಲ. ಅಷ್ಟನ್ನು ಕಣ್ಣಾರೆ ಕಂಡ ಮೇಲೂ ನಿನ್ನ ಚೀಲ ಸುರಿದೆನಲ್ಲ, ಆ ಸಂಕಟ ಎರಡು ದಿನದಿಂದ ಎದೆಯಲ್ಲಿ ಕುಳಿತಿದೆ.

ಗೆದ್ದರೆ ಫೋನು ಮಾಡು. ಸೋತರೂ ಮಾಡು, ನನ್ನೊಡನೆ ಮಾತಾಡಲು ಮನಸ್ಸಿಲ್ಲದಿದ್ದರೆ ಅಪ್ಪನಿಗೆ ಮಾಡು, ನಾನು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತೇನೆ.

ನೀವೆಲ್ಲ ಹೋದ ಮೇಲೆ ಬೆಂಚಿನ ಕೆಳಗೆ ಆ ಹಳದಿ ಬಿರಡೆ ಸಿಕ್ಕಿತು. ತೊಳೆದು ಒಣಗಿಸಿ ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ. ಇದರ ಜೊತೆಯದು ನಿನ್ನ ಬಳಿ ಇರಬೇಕು.

ನಿನ್ನ
ಅಮ್ಮ