ಶಿವಮೊಗ್ಗಕ್ಕೆ ಸಂಜೆಯ ಬಿಇ ತರಗತಿ ಕೊಡಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಾದರೂ ದುಡಿಯುವ ಡಿಪ್ಲೊಮಾದವರಿಗಾಗಿ ಎಲೆಕ್ಟ್ರಿಕಲ್ ಬಿಇ ತರಗತಿ ಸಂಜೆ ಹೊತ್ತು ಮತ್ತು ಭಾನುವಾರ ನಡೆಯಬೇಕು. ಅದಕ್ಕೆ ಸೇರಲು, ಯಾವ ಕಂಪನಿಯ ಸಂಬಳದ ಪಟ್ಟಿಯಲ್ಲೂ ಇಲ್ಲದ ಎಲೆಕ್ಟ್ರಿಷಿಯನ್‌ಗೂ ಅವಕಾಶ ಇರಬೇಕು.

ನಾನು ಹೊಸನಗರ ತಾಲ್ಲೂಕಿನವನು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ನೇರ ಎರಡನೇ ವರ್ಷಕ್ಕೆ ಸೇರಿ ಡಿಪ್ಲೊಮಾ ಮಾಡಿದೆ. ಈಗ ಲೈಸೆನ್ಸ್ ಇಟ್ಟುಕೊಂಡು ಮನೆ ವೈರಿಂಗ್, ತೋಟದ ಪಂಪ್‌ಸೆಟ್, ಸೋಲಾರ್ ಕೆಲಸ ಮಾಡುತ್ತೇನೆ. ಊರಲ್ಲಿ ನನ್ನನ್ನು ಕರೆಂಟಿನವನು ಎಂದೇ ಕರೆಯುತ್ತಾರೆ. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆಯಿದೆ.

ಕೆಲಸ ಬಲ್ಲವನಿಗೆ ಡಿಗ್ರಿ ಯಾಕೆ ಎಂದು ಕೆಲವರು ಕೇಳುತ್ತಾರೆ. ಮಳೆಗಾಲಕ್ಕೆ ಮುಂಚಿನ ಗಾಳಿಗೆ ಕಾಡಿನೊಳಗೆ ಮರ ಬಿದ್ದು 11 ಕೆವಿ ಲೈನ್ ತುಂಡಾಗುತ್ತದೆ ಎಂದಿಟ್ಟುಕೊಳ್ಳಿ. ತಂತಿ ಒಣ ದರಗಿನ ಮೇಲೋ ಜಂಬಿಟ್ಟಿಗೆ ನೆಲದ ಮೇಲೋ ಬಿದ್ದರೆ ಎಷ್ಟೋ ಸಲ ಲೈನ್ ಟ್ರಿಪ್ ಆಗುವುದೇ ಇಲ್ಲ, ಅಂದರೆ ಕರೆಂಟು ತಾನಾಗಿ ಕಡಿತವಾಗುವುದಿಲ್ಲ. ಅಂಥ ನೆಲದಲ್ಲಿ ಹರಿಯುವುದು ಕೆಲವೇ ಆಂಪಿಯರ್. ಸಬ್‌ಸ್ಟೇಷನ್ನಿನ ರಿಲೇಗೆ, ಅಂದರೆ ದೋಷ ಕಂಡಾಗ ಲೈನ್ ಕಡಿಯಲು ಹೇಳುವ ಸಾಧನಕ್ಕೆ, ಅದಕ್ಕೂ ಊರಿನ ಮಾಮೂಲಿ ಲೋಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ತಂತಿಯಲ್ಲಿ ಕರೆಂಟು ಹಾಗೇ ಇರುತ್ತದೆ, ಬೆಳಿಗ್ಗೆ ದನ ಹೊಡೆದುಕೊಂಡು ಹೋದವರು ಅದನ್ನು ಮೆಟ್ಟುತ್ತಾರೆ. ಇದು ನಡೆಯುತ್ತದೆ ಎಂದು ಇಲ್ಲಿನ ಪ್ರತಿಯೊಬ್ಬ ಲೈನ್‌ಮನ್‌ಗೂ ಗೊತ್ತು. ಇದನ್ನು ತಡೆಯಲು ರಿಲೇ ಹೇಗೆ ಸೆಟ್ ಮಾಡಬೇಕು, ಎಲ್ಲಿ ಹೊದಿಕೆಯ ಕೇಬಲ್ ಎಳೆಯಬೇಕು ಎಂದು ಲೆಕ್ಕ ಹಾಕುವುದಕ್ಕೆ ಪವರ್ ಸಿಸ್ಟಮ್ ಓದಿರಬೇಕು. ಲೈನಿನ ಕಟ್ಟಕಡೆಯ ತೋಟಗಳ ಕಥೆಯೂ ಹೀಗೆಯೇ. ವೋಲ್ಟೇಜ್ ಇಳಿದಾಗ ಮೋಟರ್ ಹೆಚ್ಚು ಕರೆಂಟು ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಸುಟ್ಟದ್ದನ್ನು ರಿವೈಂಡ್ ಮಾಡಿಸಿ ಕೂರಿಸಲು ನನಗೆ ಬರುತ್ತದೆ. ಸುಡದ ಹಾಗೆ ಲೈನನ್ನೇ ಸರಿಯಾಗಿ ರೂಪಿಸುವುದನ್ನು ನಾನು ಕಲಿಯಬೇಕಾಗಿದೆ.

ಹೊಟ್ಟೆಪಾಡಿನ ಮಾತೂ ಇದೆ. ವಿದ್ಯುತ್ ಕಂಪನಿಗಳಲ್ಲಿ ಜೂನಿಯರ್ ಇಂಜಿನಿಯರ್ ಹುದ್ದೆಗೆ ಡಿಪ್ಲೊಮಾ, ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆಗೆ ಬಿಇ ಬೇಕು. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಪವರ್‌ಮ್ಯಾನ್ ಆಗಿ ಕಂಬ ಹತ್ತುತ್ತಿರುವ ಹುಡುಗರಲ್ಲಿ ಓದುವ ಆಸೆ ಇರುವವರು ಬೇಕಾದಷ್ಟು ಜನ ಇದ್ದಾರೆ.

ಕಾಗದದ ಮೇಲೆ ದಾರಿ ಎಲ್ಲೂ ತುಂಡಾಗಿಲ್ಲ. ಡಿಪ್ಲೊಮಾ ಆದವನು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಆದರೆ ಮೂರು ವರ್ಷ ಹಗಲಿಡೀ ಕ್ಲಾಸಿನಲ್ಲಿ ಕೂತರೆ ಮನೆ ನಡೆಸುವವರು ಯಾರು? ಹಿಂದೆ ದುಡಿಯುವವರು ಕಾಲೇಜಿಗೆ ಹೋಗದೆ, ಇಂಜಿನಿಯರುಗಳ ಸಂಸ್ಥೆ ನಡೆಸುವ ಎಎಂಐಇ ಪರೀಕ್ಷೆ ಕಟ್ಟುತ್ತಿದ್ದರು. ಅದನ್ನು ಪದವಿಗೆ ಸಮ ಎಂದು ಕೇಂದ್ರ ಸರ್ಕಾರ ಒಪ್ಪಿದ್ದು 2013ರ ಮೇ 31ರೊಳಗೆ ನೋಂದಾಯಿಸಿದವರಿಗೆ. ಅಂಚೆ ತೆರಪಿನ ಇಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಬಿಗಿಯಾದ ತೀರ್ಪು ಕೊಟ್ಟಿತು. ಆ ತೀರ್ಪು ಸರಿ ಎನ್ನುವವನು ನಾನು. ಮೆಷಿನ್ ಲ್ಯಾಬನ್ನು ಅಂಚೆಯಲ್ಲಿ ಕಲಿಸಲಾಗದು. ಉಳಿದದ್ದು ಸಂಜೆ ಕಾಲೇಜು. ಅದರ ಬಗ್ಗೆ ಇಲ್ಲಿ ಯಾರನ್ನು ಕೇಳಿದರೂ ಬೆಂಗಳೂರಿನ ಕಡೆ ಕೈ ತೋರಿಸುತ್ತಾರೆ.

ತಾಂತ್ರಿಕ ಶಿಕ್ಷಣದ ಮೇಲುಸ್ತುವಾರಿಯ ಕೇಂದ್ರ ಮಂಡಳಿಯಾದ ಎಐಸಿಟಿಇ 2023-24ರಿಂದ, ಕೆಲಸದಲ್ಲಿರುವವರಿಗೆ ಅನುಕೂಲದ ವೇಳೆಯಲ್ಲಿ ಇಂಜಿನಿಯರಿಂಗ್ ಕಲಿಸಲು ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. ಒಳ್ಳೆಯ ಹೆಜ್ಜೆ, ಆದರೆ ಷರತ್ತುಗಳನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಕಾರ್ಖಾನೆಯ ನೌಕರ. ನೋಂದಾಯಿತ ಸಂಸ್ಥೆಯಲ್ಲಿ ಕೆಲಸದಲ್ಲಿರಬೇಕು, ಆ ಸಂಸ್ಥೆ ಕಾಲೇಜಿನಿಂದ ಇಂತಿಷ್ಟು ದೂರದೊಳಗೇ ಇರಬೇಕು. ನನ್ನಂಥವನಿಗೆ ಅನುಭವ ಪತ್ರ ಬರೆದುಕೊಡಲು ಮಾಲೀಕನೇ ಇಲ್ಲ. ದೂರವೋ, ಸಾಗರ, ಹೊಸನಗರ, ತೀರ್ಥಹಳ್ಳಿ ಎಲ್ಲವೂ ಶಿವಮೊಗ್ಗದಿಂದ 60 ಕಿ.ಮೀ. ಆಸುಪಾಸು ಅಥವಾ ಅದಕ್ಕೂ ಆಚೆ. ನನ್ನ ಬಳಿ ವಿದ್ಯುತ್ ಪರಿವೀಕ್ಷಣಾಲಯ ಕೊಟ್ಟ ಪರ್ಮಿಟ್ ಇದೆ. ಸರ್ಕಾರವೇ ಪರೀಕ್ಷಿಸಿ ಕೊಟ್ಟ ಕಾಗದ ಅದು. ಅದನ್ನೇ ದುಡಿಮೆಯ ಪುರಾವೆಯಾಗಿ ಒಪ್ಪಬೇಕೆಂದು, ಮಲೆನಾಡಿಗೆ ದೂರದ ಷರತ್ತು ಸಡಿಲಿಸಬೇಕೆಂದು ತಾವು ಎಐಸಿಟಿಇಗೆ ಬರೆಯಬೇಕು.

ವೇಳಾಪಟ್ಟಿಯನ್ನು ಬೆಂಗಳೂರಿನದ್ದೇ ನಕಲು ಮಾಡಿದರೆ ಇಲ್ಲಿ ನಡೆಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಕ್ಲಾಸು ಬಿಟ್ಟರೆ ನಮ್ಮ ಹಳ್ಳಿಗಳಿಗೆ ಬಸ್ಸಿಲ್ಲ. ಥಿಯರಿಯ ಒಂದು ಪಾಲು ಆನ್‌ಲೈನ್ ಇರಲಿ, ಉಳಿದದ್ದು ಶನಿವಾರ ಸಂಜೆ, ಭಾನುವಾರ ಇಡೀ ದಿನ ಆಗಲಿ. ಲ್ಯಾಬುಗಳನ್ನು ಆಷಾಢ, ಶ್ರಾವಣದಲ್ಲಿ ಒಟ್ಟಿಗೆ ಇಡಿ. ಮಳೆಗೆ ಮನೆ ಕಟ್ಟುವ ಕೆಲಸ ನಿಂತಿರುತ್ತದೆ, ವೈರಿಂಗಿನವರಿಗೆ ಬಿಡುವು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಪರೀಕ್ಷೆ ಬೇಡ. ಆಗ ಸುಲಿಯುವ ಯಂತ್ರ ಕೆಟ್ಟರೆ ಮಧ್ಯರಾತ್ರಿಯಲ್ಲೂ ಕರೆ ಬರುತ್ತದೆ. ಇದನ್ನೆಲ್ಲ ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯು ಜೊತೆ ಕೂತು ಮಾತಾಡಿದರೆ ಮಾಡಬಹುದು. ಕಾಲೇಜುಗಳ ಕಟ್ಟಡ, ಲ್ಯಾಬು ಊರಲ್ಲೇ ಇವೆ. ಜೆಎನ್‌ಎನ್‌ಸಿಇ ಇಂಜಿನಿಯರಿಂಗ್ ಕಾಲೇಜು 1980ರಿಂದ ಇಲ್ಲಿ ಪಾಠ ಹೇಳುತ್ತಿದೆ.

1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ನಮ್ಮ ಜಿಲ್ಲೆಯ ನೀರಿನಿಂದ ತಿರುಗುತ್ತದೆ. ಅದಕ್ಕಾಗಿ ಲಿಂಗನಮಕ್ಕಿಯಲ್ಲಿ ಮನೆ, ಗದ್ದೆ ಮುಳುಗಿಸಿಕೊಂಡವರ ಮೊಮ್ಮಕ್ಕಳು ವಿದ್ಯುತ್ ಶಾಸ್ತ್ರ ಓದಲು ಊರು ಬಿಡಬೇಕಾಗಿ ಬರುವುದು ನ್ಯಾಯವಲ್ಲ.

ಬರುವ ಶೈಕ್ಷಣಿಕ ವರ್ಷದ ಪ್ರವೇಶ ಶುರುವಾಗುವ ಮುಂಚೆ ತಮ್ಮ ಉತ್ತರ ಬರಲಿ. ಸೇರಲು ಸಿದ್ಧರಿರುವವರ ಹೆಸರು, ಡಿಪ್ಲೊಮಾ ಅಂಕಪಟ್ಟಿ, ಪರ್ಮಿಟ್ ಪ್ರತಿ ಎಲ್ಲವನ್ನೂ ತಾಲ್ಲೂಕುವಾರು ಸಂಗ್ರಹಿಸಿಕೊಡುವ ಹೊಣೆ ನಮ್ಮದು. ಯಾವ ಕಚೇರಿಗೆ ತಲುಪಿಸಬೇಕು ಎಂದಷ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಎಲೆಕ್ಟ್ರಿಷಿಯನ್,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ